ಎರಡನೇ ಸಲದ ಬೆಲ್ಲ ನೀರು

ಮೊನ್ನೆ ಶನಿವಾರ ಮಧ್ಯಾಹ್ನ ಕಡಿಯಾಳಿಯ ನಮ್ಮ ಮನೆಗೆ ಒಬ್ಬಳು ಹುಡುಗಿ ಬಂದಳು. ಹೆಸರು ಸಾನ್ವಿ, ಊರು ಕಾರ್ಕಳ, ಓದುವುದು ಮಣಿಪಾಲದಲ್ಲಿ, ಸಂವಹನ ವಿಷಯದಲ್ಲಿ ಎಂ.ಎ. ಬಿಸಿಲಿಗೆ ಮುಖ ಕೆಂಪಾಗಿತ್ತು. ಅವಳನ್ನು ಫ್ಯಾನಿನ ಕೆಳಗೆ ಕೂರಿಸಿ, ಸಣ್ಣ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಜೊತೆಗೆ ಒಂದು ಲೋಟ ನೀರು ತಂದಿಟ್ಟೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು, ಮತ್ತೆ ಮಾತು. ಈಗ ಹೆಚ್ಚಿನ ಮನೆಗಳಲ್ಲಿ ಬಾಟಲಿಯ ಜ್ಯೂಸು ಬರುತ್ತದೆ. ನಮ್ಮಲ್ಲಿ ಅಮ್ಮ ಇರುವ ತನಕ ಬೆಲ್ಲ ತಪ್ಪುವ ಹಾಗಿಲ್ಲ. ಹುಡುಗಿ ತಟ್ಟೆಯನ್ನು ಒಮ್ಮೆ ನೋಡಿ, ಫೋನು ತೆಗೆದು ಅದರ ಫೋಟೋ ಹೊಡೆದಳು. “ನಮ್ಮ ಅಜ್ಜಿ ಕೂಡ ಹೀಗೇ ಕೊಡ್ತಾರೆ ಮೇಡಂ,” ಎಂದಳು.

ಆಮೇಲೆ ಚೀಲದಿಂದ ಒಂದು ಜೆರಾಕ್ಸ್ ಪ್ರತಿ ತೆಗೆದು ನನ್ನ ಮುಂದಿಟ್ಟಳು. ನೋಡಿದರೆ ನನ್ನದೇ ಪ್ರಬಂಧ. ಇಪ್ಪತ್ತು ವರ್ಷಕ್ಕೂ ಹಿಂದೆ ನಾನೂ ಅದೇ ಮಣಿಪಾಲದಲ್ಲಿ ವಿದ್ಯಾರ್ಥಿನಿಯಾಗಿದ್ದಾಗ ನುಡಿನಮನದ ಭಾಷಣಗಳ ಮೇಲೆ ಬರೆದದ್ದು. ಲೈಬ್ರರಿಯ ಮೂಲೆಯಲ್ಲಿ ಇಷ್ಟು ಹೊತ್ತಿಗೆ ಗೆದ್ದಲು ತಿಂದಿರಬಹುದು ಎಂದು ನಾನು ನೆಮ್ಮದಿಯಿಂದ ಇದ್ದೆ. ಗೆದ್ದಲಿಗೂ ಅದು ರುಚಿಸಲಿಲ್ಲ ಎಂದು ಕಾಣುತ್ತದೆ.

“ಕೊನೆಯ ಅಧ್ಯಾಯ ಸೂಪರ್ ಮೇಡಂ. ನನ್ನ ಪ್ರಾಜೆಕ್ಟನ್ನು ಅದರ ಮೇಲೆಯೇ ಕಟ್ಟುವುದು ಅಂತ ಉಂಟು.”

 ಆ ಕೊನೆಯ ಅಧ್ಯಾಯ ಸುಳ್ಳು. ತಿಳಿಯದೆ ಬರೆದ ತಪ್ಪಾದರೆ ವಿದ್ಯಾರ್ಥಿ ಎಂದು ಕ್ಷಮಿಸಬಹುದಿತ್ತು. ಅದು ತಿಳಿದೇ ಬರೆದದ್ದು. ಹುಡುಗಿ ಹಳದಿ ಬಣ್ಣದಲ್ಲಿ ಗೆರೆ ಎಳೆದುಕೊಂಡ ಸಾಲುಗಳನ್ನು ಉತ್ಸಾಹದಿಂದ ತೋರಿಸುತ್ತಿದ್ದಳು. ಸೆಕೆಗೆ ತಟ್ಟೆಯ ಬೆಲ್ಲ ಬೆವರಿ ಅದರ ಪರಿಮಳ ಎದ್ದಿತ್ತು. ಆ ಪರಿಮಳದಲ್ಲಿ ನಾನು ಎಲ್ಲಿಗೆ ಹೋದೆ ಎಂದು ನಿಮಗೆ ಹೇಳಬೇಕು. ಸ್ವಲ್ಪ ಸುತ್ತು ಬಳಸಿ ಹೋಗುವ ದಾರಿ, ಬೇಸರ ಮಾಡಬೇಡಿ.

ನಮ್ಮೂರಿನ ಕಡೆಯ ನುಡಿನಮನವನ್ನು ನೋಡದವರಿಗೆ ಎರಡು ಮಾತು. ಯಾರಾದರೂ ತೀರಿಕೊಂಡರೆ ಹದಿಮೂರನೆಯ ದಿನವೋ ಹದಿನಾರನೆಯ ದಿನವೋ ಉತ್ತರಕ್ರಿಯೆ. ನಾವು ತುಳುವಿನಲ್ಲಿ ಬೊಜ್ಜ ಎನ್ನುತ್ತೇವೆ. ಆ ದಿನ ಊಟಕ್ಕೆ ಮೊದಲು ಸತ್ತವರ ಫೋಟೋಕ್ಕೆ ಹಾರ ಹಾಕಿ, ಮೈಕು ಕಟ್ಟಿ, ಚೆನ್ನಾಗಿ ಮಾತಾಡುವ ಒಬ್ಬರನ್ನು ಕರೆಸಿ ಸತ್ತವರ ಬಗ್ಗೆ ಹತ್ತು ನಿಮಿಷ ಮಾತಾಡಿಸುತ್ತಾರೆ. ಎದುರಿಗೆ ಐನೂರು ಜನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಒಂದು ಕಿವಿಯನ್ನು ಭಾಷಣಕ್ಕೂ ಇನ್ನೊಂದನ್ನು ಅಡಿಗೆಯ ಕೊಟ್ಟಿಗೆಗೂ ಕೊಟ್ಟಿರುತ್ತಾರೆ. ಜೀವಮಾನವಿಡೀ ಯಾರ ಬಾಯಿಂದಲೂ ಒಂದು ಒಳ್ಳೆಯ ಮಾತು ಕೇಳದವನಿಗೂ ಅವತ್ತು ಹತ್ತು ನಿಮಿಷ ಸಿಗುತ್ತದೆ.

ನನ್ನ ಅಪ್ಪನಿಗೂ ಸಿಕ್ಕಿತ್ತು. ಆದರೆ ಅಪ್ಪ ಒಳ್ಳೆಯ ಮಾತಿಗೆ ಬರಗಾಲ ಇದ್ದವರಲ್ಲ. ಕಾಪುವಿನ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ಅದು ಹೊಟ್ಟೆಪಾಡಿಗೆ. ಊರಿಗೆ ಅವರು ಧನ್ಯವಾದ ಸಮರ್ಪಣೆಯ ಜನ. ಶಾಲೆಯ ವಾರ್ಷಿಕೋತ್ಸವ ಇರಲಿ, ಯುವಕ ಮಂಡಲದ ಸಭೆ ಇರಲಿ, ಕೊನೆಯಲ್ಲಿ ಧನ್ಯವಾದ ಹೇಳಲು ಅಪ್ಪನೇ ಆಗಬೇಕು. ಧನ್ಯವಾದ ಎಂದರೆ ನಿಮಗೆ ಗೊತ್ತುಂಟಲ್ಲ, ಅದು ಶುರುವಾಗುವುದೇ ಜನ ಎದ್ದು ಚಪ್ಪಲಿ ಹುಡುಕಲಿ ಎಂದು. ಅಪ್ಪನ ಧನ್ಯವಾದಕ್ಕೆ ಮಾತ್ರ ಒಬ್ಬನೂ ಏಳುತ್ತಿರಲಿಲ್ಲ. ಶಾಮಿಯಾನದವರಿಂದ ಹಿಡಿದು ಮಳೆ ಸುರಿಸದೆ ಉಪಕಾರ ಮಾಡಿದ ಮೋಡದವರೆಗೆ ಒಬ್ಬೊಬ್ಬರನ್ನೇ ಹಿಡಿದು, ಒಬ್ಬೊಬ್ಬರಿಗೂ ಒಂದು ಸಣ್ಣ ತಮಾಷೆ ಕಟ್ಟಿ, ಅರ್ಧ ಗಂಟೆ ನಗಿಸುತ್ತಿದ್ದರು. “ನನ್ನ ಧನ್ಯವಾದಕ್ಕೆ ಎದ್ದು ಹೋದವರನ್ನು ತೋರಿಸು ನೋಡುವ,” ಎಂದು ಮನೆಗೆ ಬಂದ ಮೇಲೂ ಹೇಳಿಕೊಳ್ಳುತ್ತಿದ್ದರು. ನನ್ನ ಹತ್ತಿರ.

ಮನೆಯಲ್ಲಿ ನಾನೊಬ್ಬಳೇ ಮಗಳು. ನನಗೆ ಒಂದು ದೊಡ್ಡ ಉದ್ಯೋಗ ಇತ್ತು, ಸುದ್ದಿ ಸಾಗಿಸುವುದು. “ನಿನ್ನ ಅಮ್ಮನಿಗೆ ಹೇಳು, ನಾಳೆ ನನಗೆ ಬೆಳಗ್ಗೆ ಬೇಗ ಹೋಗ್ಲಿಕ್ಕೆ ಉಂಟು ಅಂತ.” ಅಮ್ಮ ಎರಡು ಮಾರು ದೂರದಲ್ಲಿ ಬಸಳೆ ಕೊಯ್ಯುತ್ತಿದ್ದಳು. ನಾನು ಎರಡು ಮಾರು ನಡೆದು ಹೋಗಿ ಹೇಳುತ್ತಿದ್ದೆ. ಅಮ್ಮ, “ತಿಂಡಿ ಎಂತ ಆಗಬೇಕು ಅಂತ ಕೇಳು,” ಎನ್ನುತ್ತಿದ್ದಳು. ನಾನು ತಿರುಗಿ ಬರುತ್ತಿದ್ದೆ. ಒಮ್ಮೊಮ್ಮೆ ನನ್ನದೂ ಸ್ವಲ್ಪ ಸೇರಿಸುತ್ತಿದ್ದೆ. ಅಪ್ಪ ಬರೇ “ನೀರ್ ದೋಸೆ” ಎಂದರೆ ನಾನು ಅಮ್ಮನಿಗೆ, “ನೀರ್ ದೋಸೆಯಂತೆ, ತೆಂಗಿನಕಾಯಿ ಬೆಲ್ಲ ಹಾಕಿದ್ದೂ ಬೇಕಂತೆ,” ಎನ್ನುತ್ತಿದ್ದೆ. ತೆಂಗಿನಕಾಯಿ ಬೆಲ್ಲ ಬೇಕಾದದ್ದು ನನಗೆ. ಹಳೇ ಕಾಲದ ಗಂಡ ಹೆಂಡಿರು ಹೆಸರು ಹಿಡಿದು ಕರೆಯುವುದಿಲ್ಲ ಎಂದು ಎಲ್ಲರ ಮನೆಯಲ್ಲೂ ನೋಡಿದ್ದೆ. ಇದೂ ಅಂಥದೇ ಮರ್ಯಾದೆ ಎಂದುಕೊಂಡಿದ್ದೆ. ಮುಂದೆ ಮಣಿಪಾಲದ ಸೆಮಿನಾರಿನಲ್ಲಿ ಇದನ್ನು ತಮಾಷೆಯಾಗಿ ಹೇಳಿ ಚಪ್ಪಾಳೆ ಕೂಡ ಗಿಟ್ಟಿಸಿದೆ. ಆ ಚಪ್ಪಾಳೆ ನೆನೆದರೆ ಈಗ ಮೈ ಮುಳ್ಳೇಳುತ್ತದೆ.

ಇನ್ನೊಂದು ಹೇಳಿ ಮುಂದೆ ಹೋಗುತ್ತೇನೆ. ಐದನೇ ಕ್ಲಾಸಿನ ರಜೆಯಲ್ಲಿ ನಾನು ಪೆರ್ಡೂರಿನ ಅತ್ತೆಯ ಮನೆಗೆ ಹೋಗಿದ್ದೆ. ಒಂದು ವಾರ ಇರುವುದೆಂದು ಮಾತು. ಮೂರನೆಯ ದಿನವೇ ಅಪ್ಪ ಬಸ್ಸು ಹಿಡಿದು ಬಂದು ನನ್ನನ್ನು ಕರೆದುಕೊಂಡು ಹೋದರು. “ನೀನಿಲ್ಲದೆ ಮನೆಯಲ್ಲಿ ಆಗುವುದಿಲ್ಲ ಮಗಾ,” ಎಂದರು. ಅಪ್ಪನಿಗೆ ನನ್ನ ಮೇಲಿದ್ದ ಪ್ರೀತಿಗೆ ಸಾಕ್ಷಿಯಾಗಿ ಈ ಕತೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ನಾನು ಪಿಯುಸಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಅಂಚೆ ಕಚೇರಿಯಿಂದ ಬಂದು ಮನೆಯ ಚಾವಡಿಯಲ್ಲಿ ಕೂತವರು ಏಳಲಿಲ್ಲ. ನುಡಿನಮನಕ್ಕೆ ಕಾರ್ಕಳದಿಂದ ದೂಮಪ್ಪ ಮಾಸ್ಟ್ರನ್ನು ಕರೆಸಿದರು. ದೂಮಪ್ಪ ಮಾಸ್ಟ್ರು ನಿವೃತ್ತ ಮೇಷ್ಟ್ರು, ತೆಳ್ಳಗೆ, ಬಿಳಿ ಪಂಚೆ, ಕಂಕುಳಲ್ಲಿ ಕೊಡೆ. ಕಾಪುವಿನಿಂದ ಕಾರ್ಕಳದವರೆಗೆ ಸತ್ತವರಿಗೆಲ್ಲ ಅವರೇ ಬೇಕು. ಅವರದ್ದೊಂದು ಕ್ರಮ ಇತ್ತು. ಬೊಜ್ಜದ ಹಿಂದಿನ ದಿನ ತಾವೇ ಆ ಮನೆಗೆ ಬರುತ್ತಿದ್ದರು. ಚಾವಡಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ಕಂದು ಕಾಗದದ ಬೈಂಡು ಹಾಕಿದ ಶಾಲೆಯ ನೋಟ್ ಬುಕ್ ತೆಗೆದು, ಮನೆಯ ಹೆಂಗಸನ್ನು ಕರೆದು ಮೂರು ಪ್ರಶ್ನೆ ಕೇಳುತ್ತಿದ್ದರು. ಅವರಿಗೆ ಎಂತ ತಿಂದರೆ ಇಷ್ಟ? ಯಾರ ಕಷ್ಟಕ್ಕಾದರೂ ಆದದ್ದು ಉಂಟಾ? ನಿಮ್ಮ ಹತ್ತಿರ ಕೊನೆಗೆ ಎಂತ ಹೇಳಿದರು?

ನಮ್ಮ ಮನೆಗೆ ಬಂದಾಗ ನಾನು ಬಾಗಿಲ ಹಿಂದೆ ಅತ್ತೆಯ ಜೊತೆ ನಿಂತಿದ್ದೆ. ಮೊದಲ ಎರಡಕ್ಕೆ ಅಮ್ಮ ಏನೋ ಹೇಳಿದಳು. ಮೂರನೆಯದು ಕೇಳಿದ ಕೂಡಲೇ ಎದ್ದು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಇನ್ನೊಮ್ಮೆ ಬೆಲ್ಲ, ಇನ್ನೊಮ್ಮೆ ನೀರು. ಮಾಸ್ಟ್ರ ಎದುರು ಕುಡಿದಿಟ್ಟ ಮೊದಲಿನ ಲೋಟ ಹಾಗೇ ಇತ್ತು. “ಕೊಟ್ಟದ್ದೇ ಮರೆತಿದ್ದಾಳೆ, ಪಾಪ,” ಎಂದು ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಾಸ್ಟ್ರು ಎರಡನೇ ಲೋಟವನ್ನೂ ಕುಡಿದು, ನೋಟ್ ಬುಕ್ ಮುಚ್ಚಿ, ಬಸ್ಸಿಗೆ ಹೊರಟರು.

ಮರುದಿನ ಅವರು ಮೈಕಿನ ಮುಂದೆ ನಿಂತು ಹೇಳಿದ ಒಂದು ಮಾತು ನನ್ನ ಜೀವನವನ್ನೇ ತಿರುಗಿಸಿತು. ಅಂಚೆ ಕಚೇರಿ, ಧನ್ಯವಾದ, ತಮಾಷೆ ಎಲ್ಲ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ತಗ್ಗಿದ ಸ್ವರದಲ್ಲಿ ಅವರು ಅಂದದ್ದು ಇಷ್ಟು: “ಈ ಮನೆಯ ಮೆಟ್ಟಿಲು ಹತ್ತಿದ ಯಾರೂ ಬೆಲ್ಲ ನೀರು ಕುಡಿಯದೆ ಇಳಿದದ್ದಿಲ್ಲ.” ಅಲ್ಲಿಯವರೆಗೆ ಅಳದ ನಾನು ಆಗ ಅತ್ತುಬಿಟ್ಟೆ. ಅಪ್ಪನ ಇಡೀ ಒಳ್ಳೆಯತನವನ್ನು ಒಂದೇ ಸಾಲಿನಲ್ಲಿ ಹಿಡಿದುಬಿಟ್ಟರಲ್ಲ ಎನಿಸಿತು. ಮಾತಿನಲ್ಲಿ ಇಷ್ಟು ಶಕ್ತಿ ಇರುವುದಾದರೆ ನಾನು ಓದುವುದು ಅದನ್ನೇ ಎಂದು ಆವತ್ತು ಊಟದ ಎಲೆಯ ಮುಂದೆ ಕೂತು ತೀರ್ಮಾನ ಮಾಡಿದೆ.

ಹಾಗೆ ಮಣಿಪಾಲಕ್ಕೆ ಬಂದೆ. ಜೊತೆಯವರೆಲ್ಲ ದೊಡ್ಡ ದೊಡ್ಡ ವಿಷಯ ಹಿಡಿದರು, ಚುನಾವಣೆಯ ಭಾಷಣ, ಜಾಹೀರಾತು. ನಾನು ನುಡಿನಮನ ಎಂದಾಗ ಹಾಸ್ಟೆಲಿನ ದಿಲ್ಲಿಯ ಹುಡುಗಿ, ನಿನ್ನ ಸಂಶೋಧನೆಯಲ್ಲಿ ಊಟ ಕೂಡ ಸಿಗುತ್ತದಲ್ಲ ಎಂದು ಹೊಟ್ಟೆಕಿಚ್ಚು ಪಟ್ಟಳು. ಸುಳ್ಳಲ್ಲ. ಒಂದು ವರ್ಷ ಟೇಪ್ ರೆಕಾರ್ಡರು ಹಿಡಿದು ನಾನು ತಿಂದ ಬೊಜ್ಜದ ಊಟಕ್ಕೆ ಲೆಕ್ಕವಿಲ್ಲ. ಗ್ರೀಸಿನವರು ಭಾಷಣವನ್ನು ಮೂರು ಬಗೆ ಮಾಡಿದ್ದಾರೆ, ಅದರಲ್ಲಿ ಹೊಗಳುವುದೂ ಒಂದು ಎಂದು ಪುಸ್ತಕದಲ್ಲಿ ಓದಿ, ಪಾಯಸ ಸುರಿದು ಕುಡಿಯುತ್ತ ಗ್ರೀಸಿನ ಬಗ್ಗೆ ಯೋಚಿಸುತ್ತಿದ್ದೆ. ದೂಮಪ್ಪ ಮಾಸ್ಟ್ರದ್ದು ಮಾತ್ರ ಮನೆಯವರು ಹಿಡಿದಿಟ್ಟ ಹಳೆಯ ಕ್ಯಾಸೆಟ್ಟುಗಳಿಂದಲೇ ನಲವತ್ತು ಚಿಲ್ಲರೆ ಭಾಷಣ ಕೂಡಿತು. ಹಾಸ್ಟೆಲಿನ ಮಂಚದಲ್ಲಿ ಕೂತು ಒಂದೊಂದನ್ನೇ ಕೇಳಿ ಬರೆದುಕೊಳ್ಳತೊಡಗಿದೆ.

ನಾಲ್ಕನೆಯ ಕ್ಯಾಸೆಟ್ಟಿನಲ್ಲಿ ಆ ಮಾತು ಬಂತು. “ಈ ಮನೆಯ ಮೆಟ್ಟಿಲು ಹತ್ತಿದ ಯಾರೂ…” ನಾನು ಟೇಪು ನಿಲ್ಲಿಸಿ, ಹಿಂದೆ ತಿರುಗಿಸಿ, ಪುನಃ ಕೇಳಿದೆ. ಅದೇ. ಅದೇ ತಗ್ಗಿದ ಸ್ವರ, ಅದಕ್ಕೆ ಮೊದಲು ಅಷ್ಟೇ ಹೊತ್ತಿನ ಮೌನ. ಏಳನೆಯದರಲ್ಲಿ ಪುನಃ ಬಂತು. ಎಲ್ಲ ಮುಗಿಯುವಾಗ ಹನ್ನೊಂದು ಕಡೆ ಸಿಕ್ಕಿತ್ತು. ನಮ್ಮಪ್ಪನಿಗೆಂದೇ ಹುಟ್ಟಿದ ಮಾತು ಎಂದು ಐದು ವರ್ಷ ಎದೆಯಲ್ಲಿಟ್ಟುಕೊಂಡದ್ದು ಹಿರಿಯಡಕದ ಗೂಡಂಗಡಿಯವನಿಗೂ ಬಂದಿತ್ತು, ಬೈಲೂರಿನ ಗುತ್ತಿಗೆದಾರನಿಗೂ ಬಂದಿತ್ತು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದ ವಿದ್ಯಾರ್ಥಿ ಪಟ್ಟಿ ಮಾಡುತ್ತಾನೆ. ನಾನೂ ಸ್ಕೇಲು ಹಿಡಿದು ಪಟ್ಟಿ ಎಳೆದೆ. ಊರು, ಸತ್ತವನ ವೃತ್ತಿ, ಮಾತು ಬಂದ ಜಾಗ. ಕೊನೆಗೆ ಒಂದು ವಿಷಯ ಕಣ್ಣಿಗೆ ಬಿತ್ತು, ಹನ್ನೊಂದೂ ಗಂಡಸರೇ. ಅದಕ್ಕೆ ಕಾರಣ ಹೊಳೆಯಲಿಲ್ಲ, ಹೊಳೆಯದ್ದನ್ನು ಅಡಿಟಿಪ್ಪಣಿಗೆ ತಳ್ಳಿದೆ.

ಗೈಡ್ ಐರಿನ್ ಮೇಡಂ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದರು. ಅವರು ಕೊಂಕಣಿ ಮಾತಾಡುವ ಕ್ರಿಶ್ಚಿಯನರು, ಮಾತಿನಲ್ಲಿ ತುಂಬ ನಿಧಾನ. “ನಮ್ಮಲ್ಲಿ ಒಳ್ಳೇದು, ಪಾದ್ರಿಗಳು ದೇವರನ್ನು ಹೊಗಳಿ ಮುಗಿಸ್ತಾರೆ, ಸತ್ತವರ ಬಗ್ಗೆ ಜಾಸ್ತಿ ಹೇಳ್ಲಿಕ್ಕೆ ಇಲ್ಲ,” ಎಂದರು. ಮತ್ತೆ ಕನ್ನಡಕ ತೆಗೆದು, “ಇದನ್ನು ಅವರಿಗೆ ತೋರಿಸಿದಿರಾ?” ಎಂದು ಕೇಳಿದರು. ಇಲ್ಲ ಎಂದೆ. ಸಂಶೋಧಕ ದೂರ ನಿಲ್ಲಬೇಕು ಎಂದು ಪುಸ್ತಕದಲ್ಲಿ ಉಂಟಲ್ಲ ಎಂದೂ ಹೇಳಿದೆ. “ದೂರ ನಿಲ್ಲಿ. ಆದರೆ ಬದುಕಿರುವ ಮನುಷ್ಯನನ್ನು ಕೇಳದೆ ಅವರ ಬಗ್ಗೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ.”

ಪಟ್ಟಿ ಮಡಚಿ ಚೀಲದಲ್ಲಿಟ್ಟು ಕಾರ್ಕಳದ ಬಸ್ಸು ಹತ್ತಿದೆ. ಹೆದರಿಕೆಯಿಂದಲ್ಲ, ಅವರನ್ನು ಸಿಕ್ಕಿಬೀಳಿಸುವ ಖುಷಿಯಿಂದ. ಮಾಸ್ಟ್ರ ಮನೆ ಆನೆಕೆರೆಯ ಹತ್ತಿರ. ಒಬ್ಬರೇ ಇದ್ದರು. ನನ್ನ ಗುರುತು ಅವರಿಗೆ ಹತ್ತಲಿಲ್ಲ, ಬಾಗಿಲ ಹಿಂದೆ ನಿಂತ ಹುಡುಗಿಯನ್ನು ಯಾರು ನೆನಪಿಡುತ್ತಾರೆ. ಮಣಿಪಾಲದ ವಿದ್ಯಾರ್ಥಿನಿ ಎಂದೆ. ಬೆಲ್ಲ ನೀರು ಕೊಟ್ಟರು. ನಾನು ಕುಡಿದು, ಪಟ್ಟಿಯನ್ನು ಬಿಚ್ಚಿ ಅವರ ಮುಂದಿಟ್ಟೆ. ಹನ್ನೊಂದು ಕಡೆ ಕೆಂಪು ಶಾಯಿಯ ಗುರುತು.

ಅವರು ಬೆರಳಿಟ್ಟು ಒಂದೊಂದೇ ಊರು ಓದಿದರು. ನಾಚಬಹುದು, ಸಿಟ್ಟಾಗಬಹುದು ಎಂದು ನಾನು ಕಾಯುತ್ತಿದ್ದೆ.

“ಲೆಕ್ಕ ಸರಿ ಉಂಟು,” ಎಂದರು. “ನೀವು ಬುದ್ಧಿವಂತರು. ಇಷ್ಟು ವರ್ಷದಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ.”

“ಬೇರೆ ಮಾತು ಸಿಗಲಿಲ್ಲವಾ ಮಾಸ್ಟ್ರೇ?”

“ಸಿಗ್ಲಿಲ್ಲ. ಅದಕ್ಕೇ ಹೇಳಿದ್ದು.” ಅವರು ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡರು. “ನೋಡಿ, ನಾನು ಮೈಕಲ್ಲಿ ಸುಳ್ಳು ಹೇಳುವ ಜನ ಅಲ್ಲ. ಮನೆಯವರು ಕೊಟ್ಟದ್ದನ್ನೇ ಹೇಳುವುದು. ಮೂರನೇ ಪ್ರಶ್ನೆ ಕೇಳ್ತೇನೆ, ನಿಮ್ಮ ಹತ್ತಿರ ಕೊನೆಗೆ ಎಂತ ಹೇಳಿದರು ಅಂತ. ಕೆಲವರು ಅಳ್ತಾರೆ. ಕೆಲವರು ನಗಾಡ್ತಾರೆ, ಔಷಧಿ ಕಹಿ ಅಂತ ಬೈದರು ಅಂತ ಹೇಳ್ತಾರೆ. ಎಂತ ಆದರೂ ಅದು ಮಾತು. ಆದರೆ ಕೆಲವು ಮನೆಯಲ್ಲಿ ಆ ಹೆಂಗಸು ಉತ್ತರ ಕೊಡುವುದಿಲ್ಲ. ಎದ್ದು ಒಳಗೆ ಹೋಗ್ತಾಳೆ. ಮತ್ತೆ ಎರಡನೇ ಸಲ ಬೆಲ್ಲ ನೀರು ತರ್ತಾಳೆ. ನಾನು ಮೊದಲೇ ಕುಡಿದು ಆಗಿರ್ತದೆ. ಆದರೂ ತರ್ತಾಳೆ. ಆಗ ನನಗೆ ಗೊತ್ತಾಗ್ತದೆ, ಈ ಮನೆಯಲ್ಲಿ ಸತ್ತವನ ಬಗ್ಗೆ ಇವಳಿಗೆ ಹೇಳ್ಲಿಕ್ಕೆ ಎಂತ ಇಲ್ಲ. ಅಥವಾ ಹೇಳ್ಬಾರದ್ದು ಉಂಟು. ಮರುದಿನ ನಾನು ಆ ನೀರಿನ ವಿಷಯ ಹೇಳ್ತೇನೆ. ಅದು ಸತ್ಯ ಅಲ್ವಾ? ನೀರು ಕೊಟ್ಟದ್ದು ಸತ್ಯ. ಯಾರು ಕೊಟ್ಟದ್ದು ಅಂತ ಹೇಳುವುದಿಲ್ಲ, ಅಷ್ಟೆ. ಅವಳಿಗೆ ಗೊತ್ತಾಗ್ತದೆ.”

 ಬಾಗಿಲ ಹಿಂದಿನಿಂದ ನೋಡಿದ ಎರಡನೇ ಲೋಟ ಕಣ್ಣ ಮುಂದೆ ಬಂತು. ಹಾಗಿರಲಿಕ್ಕಿಲ್ಲ, ನಮ್ಮ ಮನೆಯದ್ದು ಬೇರೆ, ಅತ್ತೆಯೇ ಹೇಳಿದ್ದರಲ್ಲ ದುಃಖದಲ್ಲಿ ಮರೆತದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಬಾಯಿ ಕೇಳಿಯೇ ಬಿಟ್ಟಿತು. “ಪಟ್ಟಿಯಲ್ಲಿ ಇಲ್ಲದ ಒಂದು ಉಂಟು ಮಾಸ್ಟ್ರೇ. ಕಾಪುವಿನಲ್ಲಿ, ಅಂಚೆ ಕಚೇರಿಯ, ಧನ್ಯವಾದ ಹೇಳುತ್ತಿದ್ದರಲ್ಲ, ಅವರದ್ದು.”

ಮಾಸ್ಟ್ರು ತಲೆ ಎತ್ತಿ ನನ್ನ ಮುಖ ನೋಡಿದರು.  ಅವರ ತೊಡೆಯ ಮೇಲಿದ್ದ ಪಟ್ಟಿ ನೆಲಕ್ಕೆ ಜಾರಿತು, ಇಬ್ಬರೂ ಹೆಕ್ಕಲಿಲ್ಲ. ಅಷ್ಟು ಸಭೆಗಳಲ್ಲಿ ಒಮ್ಮೆಯೂ ಮಾತು ತಪ್ಪದ ಮನುಷ್ಯ ಆವತ್ತು ತಡವರಿಸಿದರು. “ನೀವು ಮಗಳಾ? ನಾನು ಎಂತ ಹೇಳಿಬಿಟ್ಟೆ ಮಾರಾಯ್ತಿ.”

ಕಪಾಟಿನಲ್ಲಿ ಕಂದು ಬೈಂಡಿನ ನೋಟ್ ಬುಕ್ಕುಗಳ ಸಾಲು ಕಾಣುತ್ತಿತ್ತು. ನಮ್ಮ ಮನೆಯ ಪುಟ ತೋರಿಸಿ ಎಂದೆ. ಅವರು ತೋರಿಸಲಿಲ್ಲ. “ಅದು ನಿಮ್ಮ ಅಮ್ಮನ ಮಾತು. ಇದ್ದಾರಲ್ಲ, ಅವರ ಹತ್ತಿರವೇ ಕೇಳಿ,” ಎಂದರು. ಎದ್ದು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕರೆದು ಇನ್ನೊಂದು ಹೇಳಿದರು. “ಪ್ರಬಂಧದಲ್ಲಿ ಇದನ್ನು ಬರೀಬೇಡಿ. ಆ ಹನ್ನೊಂದು ಮನೆಯವರು ಊರಲ್ಲಿ ತಲೆಯೆತ್ತಿ ನಡೀಬೇಕು. ದೂಮಪ್ಪ ಸೋಮಾರಿ, ಒಂದೇ ಮಾತನ್ನು ಹನ್ನೊಂದು ಸಲ ಮಾರಿದ ಅಂತ ಬರೀರಿ. ಅದರಿಂದ ಯಾರ ಮನೆಯೂ ಹಾಳಾಗುವುದಿಲ್ಲ.”

ಕಾರ್ಕಳದಿಂದ ಬೆಳ್ಮಣ್, ಶಿರ್ವದ ದಾರಿಯಲ್ಲಿ ಕಾಪುವಿಗೆ ಬಂದೆ. ಬಸ್ಸಿನಲ್ಲಿ ಯಾವ ಸೀಟಿನಲ್ಲಿ ಕೂತಿದ್ದೆ, ಟಿಕೆಟು ತೆಗೆದೆನೋ ಇಲ್ಲವೋ ಒಂದೂ ನೆನಪಿಲ್ಲ. ಅಪ್ಪ ಹೊಡೆಯುತ್ತಿದ್ದರಾ? ಇಲ್ಲ. ಕುಡಿಯುತ್ತಿದ್ದರಾ? ಇಲ್ಲ. ಮತ್ತೆಂತ?

ಅಮ್ಮ ಹಿತ್ತಿಲ ಕಟ್ಟೆಯಲ್ಲಿ ಬಂಗುಡೆ ತೊಳೆಯುತ್ತಿದ್ದಳು. ನಾನು ಚೀಲವನ್ನೂ ಇಳಿಸದೆ ಕೇಳಿದೆ. ದೂಮಪ್ಪ ಮಾಸ್ಟ್ರು ಕೇಳಿದಾಗ ನೀನು ಯಾಕೆ ಎದ್ದು ಹೋದೆ? ಅವಳು ತುಳುವಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಒಂದು ಅಕ್ಷರ ಸೇರಿಸದೆ.

“ಕೊನೆಗೆ ಎಂತ ಹೇಳಿದರು ಅಂತ ಕೇಳಿದರು. ನಾನು ಎಂತ ಹೇಳ್ಲಿ? ಅವರು ನನ್ನ ಹತ್ತಿರ ಕೊನೆಗೆ ಮಾತಾಡಿದ್ದು ನೀನು ಎರಡನೇ ಕ್ಲಾಸಲ್ಲಿ ಇರುವಾಗ.”

ಅವಳ ಸ್ವರದಲ್ಲಿ ಏರಿಳಿತವೇ ಇರಲಿಲ್ಲ, ಮೀನಿಗೆ ಉಪ್ಪು ಸಾಕಾ ಎಂದು ಕೇಳುವಷ್ಟೇ ಸಲೀಸು. ನಾನು ಅಲ್ಲೇ ಕಟ್ಟೆಯಲ್ಲಿ ಕೂತೆ. ಹತ್ತು ವರ್ಷ. ಒಂದೇ ಮನೆಯಲ್ಲಿ, ಒಂದೇ ಚಾವಡಿಯಲ್ಲಿ, ಊರಿಡೀ ನಗಿಸುವ ಮನುಷ್ಯ ತನ್ನ ಹೆಂಡತಿಯ ಹತ್ತಿರ ಹತ್ತು ವರ್ಷ ಒಂದು ಶಬ್ದ ಆಡಿರಲಿಲ್ಲ. ನಾನು ಅಲ್ಲೇ ಇದ್ದೆ. ಬರೇ ಇದ್ದದ್ದಲ್ಲ, ಆ ಹತ್ತು ವರ್ಷ ನಡೆದದ್ದೇ ನನ್ನ ಕಾಲಿನಲ್ಲಿ.

ಕಾರಣ ಕೇಳಿದೆ. ಪ್ರತಿ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಅಪ್ಪ ಧನ್ಯವಾದದ ಕೊನೆಗೆ ಹೆಂಡತಿಗೂ ಒಂದು ಧನ್ಯವಾದ ಹೇಳುತ್ತಿದ್ದರಂತೆ. ಹೆಣ್ಣು ನೋಡಲು ಹೋದಾಗ ಮಾವ ಅಂಗಳದಲ್ಲಿ ಹಸುವನ್ನೂ ಚಾವಡಿಯಲ್ಲಿ ಮಗಳನ್ನೂ ತೋರಿಸಿದರು, ನಾನು ಹಸುವನ್ನು ನೋಡಿ ಒಪ್ಪಿದೆ, ಎಂದು. ಸಭೆಗೆ ಸಭೆಯೇ ಬಿದ್ದು ಬಿದ್ದು ನಗುತ್ತಿತ್ತಂತೆ. “ಮೂರು ವರ್ಷ ನಾನೂ ನಗಾಡಿದೆ,” ಎಂದಳು ಅಮ್ಮ. “ನಾಲ್ಕನೇ ವರ್ಷ ನಗು ಬರ್ಲಿಲ್ಲ. ಎದ್ದು ಮನೆಗೆ ಬಂದೆ. ಮುಂದಿನ ಸಾಲಲ್ಲಿ ಕೂತಿದ್ದೆ, ಎಲ್ಲರೂ ನೋಡಿದರು.” ಧನ್ಯವಾದಕ್ಕೆ ಎದ್ದು ಹೋದವರನ್ನು ತೋರಿಸು ನೋಡುವ ಎಂದು ಅಪ್ಪ ನನ್ನ ಹತ್ತಿರ ಹೇಳುತ್ತಿದ್ದದ್ದು ಅಡಿಗೆಮನೆಗೆ ಕೇಳಲಿ ಎಂದು.

“ನನಗೆ ಒಂದು ಮಾತು ಹೇಳಬಹುದಿತ್ತಲ್ಲ?”

ಅಮ್ಮ ಮೊದಲ ಸಲ ತಲೆ ಎತ್ತಿದಳು. “ನಿನಗೆ ಗೊತ್ತುಂಟು ಅಂತಲೇ ನಾನು ತಿಳಿದದ್ದು. ಎಲ್ಲ ಹೇಳಿದ್ದು ನೀನು, ಕೇಳಿದ್ದು ನೀನು.” ಬಂಗುಡೆಯನ್ನು ಕೆಳಗಿಟ್ಟು, “ನೀನು ಪೆರ್ಡೂರಿಗೆ ಹೋದಾಗ ಅಕ್ಕಿ ಮುಗಿದಿತ್ತು. ಹೇಳ್ಲಿಕ್ಕೆ ಯಾರೂ ಇರ್ಲಿಲ್ಲ. ಎರಡು ದಿನ ಗಂಜಿ ಇಲ್ಲ. ಮತ್ತೆ ಅವರು ನಿನ್ನನ್ನು ಕರಕೊಂಡು ಬಂದರು,” ಎಂದಳು.

ಅಪ್ಪ ನನ್ನನ್ನು ಪ್ರೀತಿಸುತ್ತಿರಲಿಲ್ಲ ಎಂದು ನಾನು ಈಗಲೂ ಹೇಳುವುದಿಲ್ಲ. ಆದರೆ ಆವತ್ತಿನಿಂದ ಆ ಬಸ್ಸಿನ ಕತೆಯನ್ನು ಯಾರಿಗೂ ಹೇಳಿಲ್ಲ. ಸಂವಹನದಲ್ಲಿ ಎಂ.ಎ. ಮಾಡುತ್ತಿದ್ದವಳಿಗೆ ತನ್ನ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ತಿಳಿಯಲು ಕಾರ್ಕಳಕ್ಕೆ ಬಸ್ಸು ಹಿಡಿಯಬೇಕಾಯಿತು. ನಾಚಿಕೆಗೇಡು ಎಂದರೆ ಸಣ್ಣ ಮಾತಾಗುತ್ತದೆ.

ಮಾಸ್ಟ್ರು ಹೇಳಿದ ಹಾಗೆಯೇ ಬರೆದೆ. ಭಾಷಣಕಾರನಿಗೆ ಹೊಸ ಮಾತು ಹುಡುಕುವ ಶ್ರಮ ಬೇಡವಾಗಿರುವುದರಿಂದ ಸಿದ್ಧವಾಕ್ಯಗಳು ಹುಟ್ಟುತ್ತವೆ ಎಂದು ಹತ್ತು ಪುಟ. ಐರಿನ್ ಮೇಡಂ ಓದಿ, ನನ್ನ ಮುಖ ನೋಡಿ, ಸಹಿ ಹಾಕಿದರು. ಕೆಲವು ವರ್ಷದ ಮೇಲೆ ಮಾಸ್ಟ್ರು ತೀರಿಕೊಂಡರು. ನೋಟ್ ಬುಕ್ಕುಗಳು ಅವರು ಹೇಳಿಟ್ಟ ಹಾಗೆ ಬಚ್ಚಲ ಒಲೆಗೆ ಹೋದವಂತೆ. ಅವರ ಬೊಜ್ಜದಲ್ಲಿ ಮೈಕು ಇರಲಿಲ್ಲ. ಅಂದ ಹಾಗೆ, ಆ ಮಾತನ್ನೂ ಕೆಲವು ಊರನ್ನೂ ನಾನು ಇಲ್ಲಿ ಸ್ವಲ್ಪ ಬದಲಿಸಿದ್ದೇನೆ. ನೀವು ಓದಿ ಎದ್ದು ನಿಮ್ಮ ಮನೆಯ ಹಳೆಯ ಕ್ಯಾಸೆಟ್ಟು ಹುಡುಕಲು ಹೋಗಬೇಡಿ.

ಈಗ ಪುನಃ ಕಡಿಯಾಳಿಗೆ ಬನ್ನಿ. ಸಾನ್ವಿ ಪಟ್ಟಿಯ ಪುಟ ತೆರೆದಿದ್ದಳು. ಕಾಪುವಿನ ಮನೆ ಬಿಟ್ಟ ಮೇಲೆ ಅಮ್ಮ ನನ್ನ ಜೊತೆಗೇ ಇದ್ದಾಳೆ. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತು, ಕೇಳಿಸದವಳ ಹಾಗೆ ಎಲ್ಲವನ್ನೂ ಕೇಳುತ್ತಿದ್ದಳು.

“ಒಂದು ವಿಷಯ ಹೇಳ್ಲಿಕ್ಕೆ ಮರೆತೆ ಮೇಡಂ,” ಎಂದಳು ಹುಡುಗಿ. “ಇದರಲ್ಲಿ ಒಂಬತ್ತನೆಯದು ನನ್ನ ಅಜ್ಜ. ಊರು, ಕೆಲಸ ಎಲ್ಲ ಸರಿಯಾಗ್ತದೆ. ನಾನು ಹುಟ್ಟುವ ಮೊದಲೇ ಹೋದದ್ದು ಅವರು. ಕ್ಯಾಸೆಟ್ಟು ಈಗಲೂ ಮನೆಯಲ್ಲಿ ಉಂಟು. ಈ ಮಾತನ್ನು ನಮ್ಮಪ್ಪ ಬಂದವರಿಗೆಲ್ಲ ಹೇಳ್ತಾರೆ. ಸಿದ್ಧವಾಕ್ಯ ಅಂತ ಓದಿ ನನಗೆ ಬೇಜಾರಾಯ್ತು, ಶಾಕ್ ಕೂಡ ಆಯ್ತು. ಅದಕ್ಕೇ ನಾಡಿದ್ದು ಅಜ್ಜಿಯನ್ನು ಇಂಟರ್‌ವ್ಯೂ ಮಾಡುವುದು. ಮಾಸ್ಟ್ರು ಮನೆಗೆ ಬಂದಾಗ ಅಜ್ಜಿ ಎಂತ ಹೇಳಿದ್ದು ಅಂತ ಕೇಳ್ಬೇಕು.”

ನಾನು ಎದ್ದೆ. ಒಳಗೆ ಹೋದೆ. ಹೊರಗೆ ಬಂದು ಅವಳ ಮುಂದೆ ಬಗ್ಗಿದಾಗ ಅವಳು ಗಲಿಬಿಲಿಯಿಂದ ನಕ್ಕಳು. “ಈಗ ತಾನೆ ಕೊಟ್ಟಿರಲ್ಲ ಮೇಡಂ.”

ನನ್ನ ಕೈಯನ್ನು ನಾನೇ ನೋಡಿದೆ. ತಟ್ಟೆ, ಬೆಲ್ಲ, ಒಂದು ಲೋಟ ನೀರು. ಯಾವಾಗ ಭರಣಿ ತೆರೆದೆ, ಯಾವಾಗ ನೀರು ತುಂಬಿದೆ, ಏನೂ ಗೊತ್ತಿರಲಿಲ್ಲ.  ಇಷ್ಟು ವರ್ಷ ನಾನು ಅದನ್ನು ಅಮ್ಮನ ಕತೆ ಎಂದುಕೊಂಡಿದ್ದೆ.

“ಆ ಅಧ್ಯಾಯ ಬಿಟ್ಟುಬಿಡಿ,” ಎಂದೆ ಹೇಗೋ. “ಅದು ತಪ್ಪು. ಮಾಸ್ಟ್ರು ಸೋಮಾರಿ ಅಲ್ಲ.”

“ಹಾಗಾದರೆ ಸರಿಯಾದದ್ದು ಎಂತ ಮೇಡಂ?”

ನಾನು ತಟ್ಟೆ, ಲೋಟ ಹಿಡಿದುಕೊಂಡೇ ನಿಂತಿದ್ದೆ. “ಇಲ್ಲಿ ಕೊಡು ಅದನ್ನು,” ಎಂದು ಅಮ್ಮ ಕಿಟಕಿಯ ಹತ್ತಿರದಿಂದ ಕೈ ಚಾಚಿದಳು. ಕೊಟ್ಟೆ. ಬೆಲ್ಲವನ್ನು ಬಾಯಿಗೆ ಹಾಕಿ, ನಿಧಾನವಾಗಿ ಕರಗಿಸಿ, ನೀರನ್ನು ಪೂರ್ತಿ ಕುಡಿದಳು. ಮತ್ತೆ ಹುಡುಗಿಯ ಕಡೆ ತಿರುಗಿದಳು.

“ಅಜ್ಜಿಗೆ ಎಷ್ಟು ಪ್ರಾಯ ಮಗಾ?”

“ಎಂಬತ್ತೆರಡು.”

“ಫೋನಲ್ಲಿ ರೆಕಾರ್ಡು ಮಾಡ್ಲಿಕ್ಕೆ ಉಂಟಾ?”

“ಹೌದು ಅಜ್ಜಿ.”

“ಅದು ಬೇಡ. ಮನೆಗೆ ಹೋಗಿ ಮೊದಲು ನೀನು ಅವರಿಗೆ ಬೆಲ್ಲ ನೀರು ಕೊಡು. ಕೊಟ್ಟು ಅಲ್ಲೇ ಹತ್ತಿರ ಕೂತುಕೊ. ಎಂತದೂ ಕೇಳ್ಬೇಡ.”

“ಅವರು ಎಂತದೂ ಹೇಳದಿದ್ದರೆ?”

“ಹೇಳ್ತಾರೆ,” ಎಂದಳು ಅಮ್ಮ, ಖಾಲಿ ಲೋಟವನ್ನು ನನ್ನ ಕೈಗೆ ಕೊಡುತ್ತ. “ನನಗೆ ಯಾರಾದರೂ ಕೊಟ್ಟಿದ್ದರೆ ನಾನು ಯಾವಾಗಲೋ ಹೇಳ್ತಿದ್ದೆ.”